ಬಿಗಿದ ಚೌಕಟ್ಟು

ಉಷಾಳ ಕಿರುಬೆರಳು ಮರದ ಗೋಡೆಯ ಸಂದಿಯೊಳಗೆ ಉಗುರು ಮುಳುಗುವಷ್ಟು ಹೋಯಿತು. ಹೋದ ಶನಿವಾರ ಅಲ್ಲಿ ಒಂದು ಕಾಗದ ತೂರಿಸುವಷ್ಟೂ ಜಾಗವಿರಲಿಲ್ಲ. ಈಗ ಬಾಗಿಲಿನ ಎಡಕ್ಕೆ, ಏಳನೇ ತೊಲೆಗೂ ಎಂಟನೇ ತೊಲೆಗೂ ನಡುವೆ, ಮೊಳದುದ್ದದ ಬೆಳಕಿನ ಗೆರೆಯೊಂದು ಮೂಡಿತ್ತು. ಅದರ ಮೇಲೆ ಇನ್ನೊಂದು, ಬಲಗಡೆ ಮೂರು. ಕಣ್ಣು ಹಚ್ಚಿದರೆ ಆಚೆಗೆ ಪೈನ್ ಮರಗಳ ಸಾಲು ಕಾಣುತ್ತಿತ್ತು. ಡಚ್ಚರ ಈ ದೇಶದಲ್ಲಿ ಕಾಡೂ ಸಾಲು ಹಿಡಿದೇ ನಿಂತಿರುತ್ತದೆ.

"ಅಲ್ಲೆ ಕೈ ಹಚ್ಚಬ್ಯಾಡ," ಅಂದ ಗಂಡ ಸೋಮಶೇಖರ. ಅವನು ಸ್ಟೂಲಿನ ಮೇಲೆ ನಿಂತು, ಬಟ್ಟೆಯನ್ನು ಉದ್ದಕ್ಕೆ ಹರಿದು, ಹೊಸೆದು, ಚಮಚದ ಹಿಡಿಯಿಂದ ಸಂದಿಗೆ ತುರುಕುತ್ತಿದ್ದ. ಗಡ್ಡ ಎದೆಗೆ ಇಳಿಯುವ ಯೋಚನೆಯಲ್ಲಿತ್ತು.

"ಇದು ನಿಮ್ಮ ಲಗ್ನದ ಧೋತರ ಅಲ್ಲೇನ್ರಿ?"

"ಮತ್ತೇನು, ಇನ್ನೊಂದು ಲಗ್ನ ಆಗಲೇನು ಉಟಗೊಂಡು?"

ಎರಡು ರೈಲು, ಒಂದು ಬಸ್ಸು, ಅದಾದ ಮೇಲೆ ನಾಲ್ಕು ಹೆಜ್ಜೆಯ ನಡಿಗೆ. ಮೂರು ತಾಸು ಮಾಸ್ಕ್ ಹಾಕಿಕೊಂಡೇ ಕೂತು ಬಂದವಳಿಗೆ ಕಿವಿಯ ಹಿಂದೆ ಇನ್ನೂ ಉರಿಯುತ್ತಿತ್ತು. ಬರುವಾಗ ದಾರಿಯುದ್ದಕ್ಕೂ ಒಂದೇ ಮಾತನ್ನು ಹತ್ತು ಥರ ಮಾಡಿ ಇಟ್ಟುಕೊಂಡಿದ್ದಳು: ಸೋಮವಾರ ಮಧ್ಯಾಹ್ನದೊಳಗೆ ಹೊಸ ಕೆಲಸದ ಪತ್ರಕ್ಕೆ ಸಹಿ ಆಗಬೇಕು. ಧೋತರದ ಚಿಂದಿ ನೋಡಿದ ಕೂಡಲೇ ಹತ್ತೂ ಬಾಯೊಳಗೇ ಉಳಿದವು.

ಹೂಫ್‌ಡಾರ್ಪ್ ಊರಿನ ಮೂರನೇ ಮಹಡಿಯ ಮನೆಯಲ್ಲಿ, ಬಟ್ಟೆ ಒಣಹಾಕುವ ಸಣ್ಣ ಕೋಣೆಯೊಳಗೆ ಸೋಮಶೇಖರ ಹದಿನೈದು ತಿಂಗಳು ಕಂಪ್ಯೂಟರ್ ಪರದೆಯ ಮುಂದೆ ಕೂತಿದ್ದ. ವಿಮಾನದ ಸೀಟು ಕಾದಿರಿಸುವ ಸಾಫ್ಟ್‌ವೇರ್ ನೋಡಿಕೊಳ್ಳುವುದು ಅವನ ಕೆಲಸ. ವಿಮಾನಗಳೇ ನೆಲಕ್ಕೆ ಕಚ್ಚಿಕೊಂಡು ನಿಂತ ಮೇಲೆ ಕಂಪನಿಯವರು ಒಬ್ಬೊಬ್ಬರನ್ನೇ ಪರದೆಗೆ ಕರೆದು, ಒಳ್ಳೆಯ ಮಾತು ಹೇಳಿ ಕಳಿಸುತ್ತ ಬಂದರು. ಎರಡು ಸಾವಿರದ ಇಪ್ಪತ್ತೊಂದರ ಜೂನ್ ಕೊನೆಗೆ ಇವನ ಪಾಳಿ ಬಂತು. ಆ ದಿನದಿಂದ ಮೂರು ತಿಂಗಳು. ಅಷ್ಟರಲ್ಲಿ ಬೇರೆ ಕೆಲಸ ಹಿಡಿಯದಿದ್ದರೆ ವಾಸದ ಪರವಾನಗಿ ಮುಗಿದಂತೆ, ದೇಶ ಬಿಡಬೇಕು. ಉಷಾಳ ಪರವಾನಗಿ ಅವನದರ ಬಾಲ. ಅವನದು ಹೋದರೆ ಇವಳದೂ ಹೋಯಿತು.

ಆದರೆ ಉಷಾಳ ಬದುಕು ಆಗಷ್ಟೇ ಕಣ್ಣು ಬಿಟ್ಟಿತ್ತು. ಧಾರವಾಡದಲ್ಲಿ ಬಿ.ಫಾರ್ಮ್ ಮುಗಿಸಿ ಬಂದವಳು ಇಲ್ಲಿ ನಾಲ್ಕು ವರ್ಷ ಅನ್ನ ಸಾರು ಮಾಡಿಕೊಂಡು, ಗ್ರಂಥಾಲಯದ ಮೂಲೆಯಲ್ಲಿ ಕೂತು ಡಚ್ ಕಲಿತಿದ್ದಳು. ಕೊರೋನಾ ಬಂದು ಕೈ ಸಾಲದಾದಾಗ ಬಡಾವಣೆಯ ಔಷಧದ ಅಂಗಡಿಯವರೇ ಕರೆದು ಬಿಳಿ ಕೋಟು ಕೊಟ್ಟರು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವ ಹುಡುಗಿ ಪಾರದರ್ಶಕ ಪರದೆಯ ಹಿಂದೆ ನಿಂತು, ಊಟಕ್ಕೆ ಮೊದಲು ಯಾವ ಮಾತ್ರೆ, ಆಮೇಲೆ ಯಾವುದು ಎಂದು ಮುದುಕರಿಗೆ ಎರಡೆರಡು ಸಲ ಹೇಳತೊಡಗಿದಳು. ಒಬ್ಬ ಅಜ್ಜಿಯಂತೂ ಬೇರೆಯವರು ಖಾಲಿ ಇದ್ದರೂ ಇವಳ ಸಾಲಿನಲ್ಲೇ ನಿಲ್ಲುತ್ತಿದ್ದಳು. ಆ ಸಾಲನ್ನು ಉಷಾ ಯಾರಿಗೂ ಹೇಳದೆ ಎದೆಯಲ್ಲಿ ಇಟ್ಟುಕೊಂಡಿದ್ದಳು.

ಕೆಲಸ ಹೋದ ಹತ್ತನೇ ದಿನ ಸೋಮಶೇಖರ ಒಂದು ಮನೆ ತಂದ. ಹಾಗೆಂದೇ ಹೇಳಿದ: "ಮನಿ ತಂದೀನಿ." ಉತ್ತರದ ಡ್ರೆಂಟೆ ಕಡೆಯ ಯಾರೋ ತಮ್ಮ ತೋಟದ ಮರದ ಮನೆಯನ್ನು ಬಿಚ್ಚಿ ಮಾರಾಟಕ್ಕಿಟ್ಟಿದ್ದರು. ತೊಲೆಗಳ ಮೇಲೆಲ್ಲ ಪೆನ್ಸಿಲಿನಲ್ಲಿ ನಂಬರು. ಅಲ್ಲೇ ಕಾಡಿನಂಚಿಗೆ ಒಂದು ತುಂಡು ಜಾಗವನ್ನು ವರ್ಷದ ಬಾಡಿಗೆಗೆ ಹಿಡಿದ. "ಹೊಸದಾಗಿ ಶುರು ಮಾಡೂಣು ಉಷಾ. ಪರದೆ ಇಲ್ಲ, ಮೀಟಿಂಗ್ ಇಲ್ಲ. ನಮ್ಮಪ್ಪನ ಕೈಯಾಗಿಂದು ನನ್ನ ಕೈಯಾಗ ಇರಬೇಕಲ್ಲ ಒಂದೀಟರೆ." ತೀರಿಹೋದ ಅವನ ಅಪ್ಪ ಧಾರವಾಡದಲ್ಲಿ ಕಲ್ಲಿನ ಮನೆ ಕಟ್ಟುವ ಗೌಂಡಿಯಾಗಿದ್ದವರು. ಅವರು ಕಟ್ಟಿದ ಮನೆಗಳನ್ನು ಲೈನ್ ಬಜಾರಿನ ಜನ ಇನ್ನೂ ಬೆರಳು ಮಾಡಿ ತೋರಿಸುತ್ತಾರೆ. ಎಷ್ಟೋ ತಿಂಗಳ ಮೇಲೆ ಗಂಡನ ಮುಖದಲ್ಲಿ ರಕ್ತ ಕಂಡಿದ್ದರಿಂದ ಉಷಾ ಬೇಡವೆನ್ನಲಿಲ್ಲ. ಎರಡು ವಾರದ ಹುಚ್ಚು, ಆಮೇಲೆ ಅರ್ಜಿ ಹಾಕುತ್ತಾನೆ ಅಂದುಕೊಂಡಳು.

ಗೌಂಡಿಯ ಮಗನಿಗೆ ಗೊತ್ತಿದ್ದ ಪದ್ಧತಿ ಒಂದೇ: ಮೊದಲು ಚೌಕಟ್ಟು, ಆಮೇಲೆ ಗೋಡೆ. ಧಾರವಾಡದಿಂದ ಅವನ ಅವ್ವ, ಪರದೇಶಕ್ಕೆ ಆಷಾಢವಿಲ್ಲ ಎಂದು, ಫೋನಿನಲ್ಲಿ ಮುಹೂರ್ತ ಹೇಳಿದರು. ಮಗನ ಕೆಲಸ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ರಜೆಗೆ ಇರಲೆಂದು ತೋಟದ ಮನೆ ಕಟ್ಟುತ್ತಿದ್ದಾನೆ ಎಂದೇ ತಿಳಿದಿದ್ದರು. ಜಿಟಿಜಿಟಿ ಮಳೆಯಲ್ಲಿ, ಜುಲೈ ತಿಂಗಳ ಒಂದು ಗುರುವಾರ, ಚೌಕಟ್ಟಿಗೆ ಅರಿಶಿನ ಹಚ್ಚಿ, ಹೊಸ್ತಿಲ ಕೆಳಗೆ ಉಷಾಳ ಹಳೆಯ ಕಾಲುಂಗುರ ಇಟ್ಟು, ಇಬ್ಬರೇ ಸೇರಿ ನಿಲ್ಲಿಸಿದರು. ಆಮೇಲೆ ಅವನು ತೊಲೆಗಳನ್ನು ಒಂದರ ಮೇಲೊಂದು ಏರಿಸಿ, ಬಾಗಿಲಿನ ಆಚೆ ಹದಿನಾಲ್ಕು ಈಚೆ ಹದಿನಾಲ್ಕು, ಪ್ರತಿ ತೊಲೆಗೂ ಗೇಣುದ್ದದ ಒಂದು ಸ್ಕ್ರೂ ಹಾಕಿ ಚೌಕಟ್ಟಿಗೆ ಬಿಗಿದ. ಚೌಕಟ್ಟಿನ ಮೇಲೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಉಳಿದಿತ್ತು. ಮಾರಿದವನು ಅಳತೆ ತಪ್ಪಿದ್ದಾನೆ ಎಂದು ಬೈದು, ಅಲ್ಲಿಗೂ ಒಂದು ಮರದ ತುಂಡು ಬಡಿದ. ಅಲ್ಲಾಡಿಸಿ ನೋಡಿ, "ಕ್ವಾಟಿ ಬಾಗಲಾ ಆತು," ಎಂದು ಕೋಟೆ ಕಟ್ಟಿದವನಂತೆ ಬೀಗಿದ.

ಅದು ಮಳೆಗಾಲದ ಮಾತು. ಸೆಪ್ಟೆಂಬರಿನಲ್ಲಿ ಈ ದೇಶಕ್ಕೆ ಇಲ್ಲದ ಬಿಸಿಲು ಬಂತು. ನೀರು ಕುಡಿದಿದ್ದ ಮರ ಒಣಗತೊಡಗಿತು.

ಈಗ ಬೇಲಿಯ ಆಚೆಯಿಂದ ಕೆಮ್ಮು ಕೇಳಿಸಿತು. ಹಾರ್ಮ್ ನಿಂತಿದ್ದ. ಪಕ್ಕದ ತುಂಡಿನಲ್ಲಿ ಆಲೂಗಡ್ಡೆ ಬೆಳೆಯುವ, ಎಪ್ಪತ್ತು ದಾಟಿದ ಬಡಗಿ. ಎರಡು ತಿಂಗಳಿಂದ ದಿನಾ ಬೇಲಿಗೆ ಮೊಣಕೈ ಊರಿ ಈ ಮನೆ ಏಳುವುದನ್ನು ನೋಡಿದವನು. ಅವನಿಗೆ ಇಂಗ್ಲಿಷ್ ಬಾರದು, ಸೋಮಶೇಖರನಿಗೆ ಡಚ್ ಬಾರದು, ನಡುವೆ ಕೊರೋನಾಕ್ಕೆಂದು ಸರಕಾರ ಹಾಕಿದ ಒಂದೂವರೆ ಮೀಟರಿನ ಅಂತರ. ಇಬ್ಬರೂ ಹೆಬ್ಬೆರಳು ಎತ್ತಿ ತೋರಿಸಿಕೊಂಡು ಸ್ನೇಹ ನಡೆಸಿದ್ದರು.

"ಇವತ್ತಿನಿಂದ ಅಂತರ ಇಲ್ಲ, ರೇಡಿಯೋದಲ್ಲಿ ಹೇಳಿದರು," ಎಂದು ಹಾರ್ಮ್ ಡಚ್ಚಿನಲ್ಲಿ ಉಷಾಳಿಗೆ ಹೇಳಿದ. "ನಾನು ಒಳಗೆ ಬರಬಹುದೇ, ಅಥವಾ ನಿನ್ನ ಗಂಡ ಕೊಡಲಿ ಎತ್ತುತ್ತಾನೋ?"

ಬೇಲಿ ದಾಟಿ ಬಂದವನು ಮೊದಲು ಗೋಡೆಗೆ ಅಂಗೈ ಇಟ್ಟ, ಆಮೇಲೆ ಚೌಕಟ್ಟಿಗೆ. ಸ್ಕ್ರೂಗಳ ತಲೆಯನ್ನು ಬೆರಳಿನಿಂದ ಎಣಿಸುತ್ತ ಮೇಲಿನಿಂದ ಕೆಳಗೆ ಬಂದ. ಗಲ್ಲ ಕೆರೆದುಕೊಂಡ.

"ಇಂಥ ಮನೆಯಲ್ಲಿ ಚೌಕಟ್ಟು ಸಡಿಲ ಇರಬೇಕಮ್ಮ," ಅಂದ. "ಮರ ಒಣಗಿದಾಗ ಗೋಡೆ ಕೆಳಗೆ ಇಳಿಯುತ್ತದೆ. ಅದಕ್ಕೇ ಮೇಲೆ ಜಾಗ ಬಿಟ್ಟಿರುತ್ತಾರೆ. ನಿನ್ನ ಗಂಡ ಗೋಡೆಯನ್ನು ಬಾಗಿಲಿಗೆ ನೇತುಹಾಕಿದ್ದಾನೆ. ಸ್ಕ್ರೂ ಎಲ್ಲ ಬಿಚ್ಚಿ. ತಾನಾಗಿ ಕೂಡುತ್ತದೆ. ಇಲ್ಲದಿದ್ದರೆ ಚಳಿಗಾಲದೊಳಗೆ ತೊಲೆಗಳೇ ಸೀಳುತ್ತವೆ."

"ಏನಂತಾನ?" ಅಂದ ಸೋಮಶೇಖರ ಸ್ಟೂಲಿನ ಮೇಲಿಂದ.

ಉಷಾ ಹೇಳಿದಳು. ಬಿಟ್ಟೂ ಹೇಳಲಿಲ್ಲ, ಕೂಡಿಸಿಯೂ ಹೇಳಲಿಲ್ಲ. ಹೇಳುವಾಗ ಧ್ವನಿ ಮಾತ್ರ ಔಷಧದ ಅಂಗಡಿಯದಾಗಿತ್ತು.

ಸೋಮಶೇಖರ ನಕ್ಕ. "ಚೌಕಟ್ಟ ಸಡಲ ಬಿಡೂದು? ನಮ್ಮಪ್ಪ ಇದ್ದಿದ್ರ ಈ ಮುದುಕಗ ಗಾರಿ ಹಚ್ಚೂ ಕರಣಿ ಕೊಟ್ಟು ಹಾದಿ ತೋರಸ್ತಿದ್ದ. ಪೂಜಿ ಮಾಡಿ ನಿಂದ್ರಿಸಿದ್ದು ಅದು. ಒಮ್ಮಿ ನಿಂತಿದ್ದಕ್ಕ ಕೈ ಹಚ್ಚೂದಿಲ್ಲ ಅಂತ ಹೇಳು."

"ಅವರು ಐವತ್ತು ವರ್ಷ ಇದs ಕೆಲಸ ಮಾಡ್ಯಾರ್ರಿ."

"ನಮ್ಮಪ್ಪ ಕಲ್ಲಿನ್ಯಾಗ ಮಾಡಿದ್ದ."

ಹಾರ್ಮ್‌ಗೆ ಅನುವಾದ ಬೇಕಾಗಲಿಲ್ಲ. "ಬೇಕಾದರೆ ಕರೆಯಿರಿ. ನನ್ನ ಹತ್ತಿರ ಒಳ್ಳೆಯ ಸ್ಕ್ರೂಡ್ರೈವರ್ ಇದೆ," ಎಂದು ಬಂದ ದಾರಿಯಲ್ಲೇ ಹೋದ.

ಊಟಕ್ಕೆ ಕೂತರು. ಅವಳು ಕಟ್ಟಿ ತಂದಿದ್ದ ರೊಟ್ಟಿ, ಪುಂಡಿಪಲ್ಲೆ ಇರಲಿಲ್ಲವಾಗಿ ಪಾಲಕದ ಪಲ್ಲೆ. ಸೋಮಶೇಖರ ಬಗ್ಗಿ ತಿನ್ನುತ್ತಿದ್ದ. ಮೂರನೇ ರೊಟ್ಟಿಗೆ ಉಷಾಳ ಫೋನು ರಿಂಗಾಯಿತು. ಐಂಡ್‌ಹೋವನ್ ನಗರದಿಂದ ನಿತಿನ್, ಸೋಮಶೇಖರನ ಹಳೆಯ ಸಹೋದ್ಯೋಗಿ. ತನ್ನ ಕಂಪನಿಯಲ್ಲಿ ಇವನಿಗೆ ಜಾಗ ಮಾಡಿಸಿದವನು ಅವನೇ. ಸಂದರ್ಶನವನ್ನೂ ಸೋಮಶೇಖರ ಈ ಕಾಡಿನಿಂದಲೇ, ಅರ್ಧ ಎದ್ದ ಗೋಡೆಗೆ ಬೆನ್ನು ಕೊಟ್ಟು, ಹೇಗೋ ಮುಗಿಸಿದ್ದ. ನೇಮಕದ ಪತ್ರ ಬಂದು ಒಂಬತ್ತು ದಿನವಾಗಿತ್ತು. ಅದರ ಕೆಳಗೆ ಫೋನಿನಲ್ಲೇ ಒಂದು ಸಹಿ ಒತ್ತುವುದಷ್ಟೇ ಬಾಕಿ.

ಉಷಾ ಸ್ಪೀಕರ್ ಹಾಕಿ ಫೋನನ್ನು ರೊಟ್ಟಿಯ ಡಬ್ಬಿಗೆ ಒರಗಿಸಿಟ್ಟಳು.

"ಸೋಮ್, ಇದೀಯಾ? ನಿನ್ ಫೋನ್ ಯಾಕೆ ಎತ್ತಲ್ಲ ನೀನು? ಅಕ್ಕ, ಇದಾನಾ ಅಲ್ಲಿ?"

"ಇದ್ದಾರೆ. ಕೇಳಿಸ್ಕೋತಿದ್ದಾರೆ."

"ಗುರು, ಎಚ್‌ಆರ್‌ನೋರು ನನ್ ತಲೆ ತಿಂತಿದಾರೆ. ಸೋಮವಾರ ಹನ್ನೆರಡಕ್ಕೆ ಸಹಿ ಬಂದ್ರೆ ಸರಕಾರಕ್ಕೆ ಅರ್ಜಿ ಮೂವತ್ತರೊಳಗೆ ಹೋಗುತ್ತೆ. ಮಂಗಳವಾರ ಅಂದ್ರೆ ನಾನೇ ದೇವರಾದ್ರೂ ಆಗಲ್ಲ. ಒಂದ್ ಸಹಿ ಕಣೋ. ಮದುವೇಲೂ ಇಷ್ಟು ಯೋಚನೆ ಮಾಡಿರಲಿಲ್ಲ ನೀನು."

ಸೋಮಶೇಖರ ರೊಟ್ಟಿಯ ಚೂರಿನಿಂದ ತಟ್ಟೆಯನ್ನು ಒರೆಸುತ್ತಿದ್ದ. "ಮಾಡ್ತೀನೋ," ಅಂದ.

"ಯಾವಾಗ?"

"ಮನೆ ಮುಗೀಲಿ."

"ಮನೆ ಎಲ್ಲಿ ಹೋಗುತ್ತೋ? ನೀನು ಇಂಡಿಯಾಗೆ ಹೋಗ್ತೀಯಾ, ಮನೆ ಅಲ್ಲೇ ಇರುತ್ತೆ." ನಿತಿನ್ ನಕ್ಕ. ಈ ಕಡೆ ಯಾರೂ ನಗಲಿಲ್ಲ. "ಅಕ್ಕ, ನೀವಾದ್ರೂ ಹೇಳಿ," ಎಂದು ಇಟ್ಟ.

ಎಲ್ಲರೂ ಅದನ್ನೇ ಅನ್ನುತ್ತಿದ್ದರು, ನೀವಾದರೂ ಹೇಳಿ ಎಂದು. ಉಷಾಳಿಗೆ ಹೇಳಲು ಬರುತ್ತಿದ್ದರೆ ಜುಲೈನಲ್ಲೇ ಹೇಳುತ್ತಿದ್ದಳು. ಅವಳು ಎರಡು ತಿಂಗಳಿಂದ ಮಾಡಿದ್ದು ಇಷ್ಟೆ: ಪ್ರತಿ ಶನಿವಾರ ರೊಟ್ಟಿ ತಂದು, ಗಂಡನ ಮುಖ ನೋಡಿ, ರವಿವಾರ ಹಿಂದಿರುಗುವುದು. ಬಸ್ಸಿನಲ್ಲಿ ಕೂತು ಮನಸ್ಸಿನೊಳಗೆ ಅವನೊಡನೆ ಜಗಳವಾಡುವುದು. ಆ ಜಗಳದಲ್ಲಿ ಯಾವಾಗಲೂ ಅವಳೇ ಗೆಲ್ಲುತ್ತಿದ್ದಳು.

"ರೀ," ಅಂದಳು ಈಗ. "ಮನಿ ಮುಗದ್ರ ಖರೇನs ಸಹಿ ಮಾಡ್ತೀರೇನು?"

"ಮಾಡ್ತೀನಿ ಅಂದೆನಲ್ಲ. ಗ್ವಾಡಿ ಹಿಂಗ ಬಾಯಿ ತಕ್ಕೊಂಡು ನಿಂತಿರಬೇಕಾದ್ರ ಎದ್ದು ಹೆಂಗ ಹೋಗಲಿ? ಒಂದರೆ ಕೆಲಸ ನನ್ನ ಕೈಲೆ ಪೂರಾ ಆಗಲಿ."

ಆಗ ಉಷಾ ತನ್ನ ಜಾಯಮಾನಕ್ಕೆ ಇಲ್ಲದ ಕೆಲಸ ಮಾಡಿದಳು. ಗಂಡನನ್ನು ಕೇಳದೆ, ಅವನೆದುರಿಗೇ, ಧಾರವಾಡಕ್ಕೆ ಫೋನು ಹಚ್ಚಿದಳು. ಅಲ್ಲಿ ಸಂಜೆ ಆಗಿತ್ತು. ಅತ್ತೆ ದೀಪ ಹಚ್ಚಿ ಬಂದು ಕೂತಿದ್ದರು.

"ಅತ್ತಿ, ಒಂದ ಮಾತ ಕೇಳೂದಿತ್ರಿ. ಪೂಜಿ ಮಾಡಿ ನಿಂದ್ರಿಸಿದ ಚೌಕಟ್ಟ ಸಡಲ ಮಾಡಬಹುದೇನ್ರಿ?"

"ಯಾಕವಾ, ಬಾಗಲಾ ಮುಚ್ಚವಲ್ದೇನು?"

"ಬಾಗಲಾ ಮುಚ್ಚತೈತ್ರಿ. ಗ್ವಾಡಿ ಸೀಳಾಕತ್ತೈತಿ."

"ಅಯ್ಯ, ಹಂಗಿದ್ರ ಬಿಚ್ಚರಿ. ಕೇಳೂದೇನೈತಿ ಅದರಾಗ. ನಿಮ್ಮ ಮಾವ ಈ ಮನಿ ಚೌಕಟ್ಟನ ಎರಡ ಸಲ ಕಿತ್ತಾರ. ಮೊದಲನೇದು ವಾರಿ, ಡೊಂಕ ಆಗಿತ್ತು, ಎರಡನೇದನ್ನ ಒರಲಿ ತಿಂದಿತ್ತು. ಊರ ಮಂದಿ ಮನಿ ಎಲ್ಲಾ ನೆಟ್ಟಗ ಕಟ್ಟಿ ತನ್ನ ಮನಿದು ಮಾತ್ರ ಮೂರ ಸಲ ಕೂಡ್ರಿಸಿದ ಪುಣ್ಯಾತ್ಮ." ಅತ್ತೆ ನಗುವಾಗ ಹಲ್ಲಿನ ಸೆಟ್ಟು ಕಟ್ ಕಟ್ ಅಂದಿತು. "ಒಂದ ಕಾಯಿ ಒಡದು ಬಿಚ್ಚರಿ, ಆತು. ಸೋಮೂ ಎಲ್ಲಿ? ಹುಡುಗ ದನಿನs ಇಲ್ಲಲ್ಲ. ರಜಾ ಮುಗದ ಮ್ಯಾಲೆ ಕೆಲಸ ಭಾಳ ಏನು?"

"ಭಾಳ ಐತ್ರಿ," ಅಂದಳು ಉಷಾ.

ಫೋನು ಇಟ್ಟಾಗ ಸೋಮಶೇಖರ ತಟ್ಟೆಯನ್ನೇ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು. ಬೈಯುತ್ತಾನೆಂದು ಉಷಾ ಕಾದಳು. "ಎರಡ ಸಲ ಕಿತ್ತಿದ್ದ ಅಂತ ನಂಗ ಯಾರೂ ಹೇಳೇ ಇಲ್ಲ," ಎಂದಷ್ಟೇ ಅಂದ, ತಟ್ಟೆ ಪಕ್ಕಕ್ಕೆ ಸರಿಸಿ, "ಕರಿ ಆ ಮುದುಕನ್ನ."

ತೆಂಗಿನಕಾಯಿ ಎಲ್ಲಿಂದ ಬರಬೇಕು. ಉಷಾ ಹಾರ್ಮ್ ತಂದ ಒಂದು ಸೇಬನ್ನು ಹೊಸ್ತಿಲಿಗೆ ನಿವಾಳಿಸಿ ಒಡೆದಳು. ಹಾರ್ಮ್ ಟೋಪಿ ತೆಗೆದು ನಿಂತ. ಅವನಿಗೆ ಎಷ್ಟು ಅರ್ಥವಾಯಿತೋ. ಮೊದಲು ಚೌಕಟ್ಟಿನ ಮೇಲೆ ಬಡಿದಿದ್ದ ತುಂಡನ್ನು ಸುತ್ತಿಗೆಯಿಂದ ತಟ್ಟಿ ತೆಗೆದ. ಆಮೇಲೆ ಸ್ಕ್ರೂಗಳು. ಒಂದೊಂದೂ ಕಿರುಗುಟ್ಟುತ್ತ, ಅರಿಶಿನ ಹಚ್ಚಿದ ಮರದಿಂದ ಗೇಣುದ್ದಕ್ಕೆ ಹೊರಗೆ ಬರುತ್ತಿತ್ತು. ಕೆಲವು ಬಾಗಿದ್ದವು. ಸೋಮಶೇಖರ ಅವನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು ಡಬ್ಬಿಗೆ ಹಾಕುತ್ತಿದ್ದ.

ಎಡಗಡೆಯ ಹದಿನಾಲ್ಕನೆಯದು ಬಂದಾಗ ಏನೂ ಆಗಲಿಲ್ಲ. ಬಲಗಡೆಯ ಐದು ಬಂದರೂ ಆಗಲಿಲ್ಲ. ಹತ್ತನೆಯದಕ್ಕೆ ಗೋಡೆಯೊಳಗೆಲ್ಲೋ ಗಂಟಲು ಸರಿಪಡಿಸಿಕೊಂಡಂಥ ಸದ್ದು. ಹನ್ನೊಂದನೆಯದು ಅರ್ಧ ಬಂದಿರಲಿಲ್ಲ, ಇಡೀ ಗೋಡೆ, ಸೂರಿನ ಬುಡದಿಂದ ಹಿಡಿದು ಎರಡೂ ಕಡೆ ದಡ್ ಎಂದು ಕೆಳಗೆ ಇಳಿಯಿತು. ಉಷಾ ಹಿಂದಕ್ಕೆ ಹಾರಿದಳು. ಸೂರಿನಿಂದ ಪೈನಿನ ಒಣ ಸೂಜಿಗಳು ಸೋಮಶೇಖರನ ತಲೆಯ ಮೇಲೆ ಸುರಿದವು. ಧೂಳು ಇಳಿದ ಮೇಲೆ ನೋಡಿದರೆ ಬೆಳಕಿನ ಗೆರೆ ಒಂದೂ ಇರಲಿಲ್ಲ. ಸಂದಿಗೆ ತುರುಕಿದ್ದ ಧೋತರದ ಚಿಂದಿಗಳು ಮಾತ್ರ ತೊಲೆಗಳ ನಡುವೆ ಸಿಕ್ಕಿ, ಅಂಚು ಹೊರಗೆ ಚಾಚಿದ್ದವು.

ಹಾರ್ಮ್ ಉಳಿದ ಸ್ಕ್ರೂಗಳನ್ನೂ ಬಿಚ್ಚಿ, ಬಾಗಿಲನ್ನು ಒಂದು ಸಲ ಹಾಕಿ ತೆಗೆದ. ಸೋಮಶೇಖರನ ಭುಜ ತಟ್ಟಿದ. ಒಂದೂವರೆ ವರ್ಷದಲ್ಲಿ ಹೆಂಡತಿಯಲ್ಲದ ಒಬ್ಬ ಮನುಷ್ಯ ಅವನನ್ನು ಮುಟ್ಟಿದ್ದು ಬಹುಶಃ ಅದೇ ಮೊದಲು. "ಮುಗಿಯಿತು. ಈಗ ಇದು ಮನೆ," ಎಂದು ಉಷಾಳಿಗೆ ಹೇಳಿ ತನ್ನ ಆಲೂಗಡ್ಡೆಯ ಕಡೆ ನಡೆದ.

"ಏನಂದ?"

"ಮುಗೀತಂತ್ರಿ. ಮನಿ ಆತಂತ."

ಹೇಳುವಾಗ ಅವಳಿಗೆ ನಗು ತಡೆಯಲಾಗಿರಲಿಲ್ಲ. ಸೋಮವಾರ ಹನ್ನೆರಡಕ್ಕೆ ಇನ್ನೂ ಎಷ್ಟೊಂದು ಹೊತ್ತಿತ್ತು. ಆದರೆ ಗಂಡನ ಮುಖ ನೋಡಿದವಳ ನಗು ಅಲ್ಲೇ ಇಂಗಿತು. ಅವನು ಮೂಲೆಯಿಂದ ಮೂಲೆಗೆ ಕಣ್ಣಾಡಿಸುತ್ತಿದ್ದ. ಎಲ್ಲಾದರೂ ಒಂದು ಸಂದಿ, ಒಂದು ಸೀಳು, ಎದ್ದ ಒಂದು ಚಕ್ಕೆ. ಬೆರಳಾಡಿಸಿ ನೋಡಿದ, ಬಗ್ಗಿ ನೋಡಿದ. ಗೋಡೆ ತನ್ನ ಪಾಡಿಗೆ ತಾನು ಕೂತುಬಿಟ್ಟಿತ್ತು. ಮಾಡಲು ಏನೂ ಉಳಿದಿರಲಿಲ್ಲ. ಉಷಾ ಎರಡು ತಿಂಗಳು ಇದನ್ನೇ ಬೇಡಿಕೊಂಡಿದ್ದಳು. ಈಗ ತಾನೇ ನಿಂತು ಅವನ ಕೈಯಿಂದ ಕೆಲಸವನ್ನು ಕಸಿದುಕೊಂಡ ಹಾಗೆ ಅನ್ನಿಸಿತು.

"ಆ ಕೋಣಿಯಾಗ," ಅಂದ ಸೋಮಶೇಖರ ನೆಲಕ್ಕೆ ಕೂತು. "ಬಟ್ಟಿ ಒಣಗಿಸೋ ಕೋಣಿಯಾಗ, ಮೀಟಿಂಗ್ ಮುಗದ ಮ್ಯಾಲೂ ನಾ ಹಂಗs ಕೂತಿರ್ತಿದ್ದೆ ಉಷಾ. ಪರದೆ ಕರ್ರಗಾಗಿರ್ತಿತ್ತು. ಎದ್ದ ಬರಾಕ ಕಾಲs ಬರ್ತಿರಲಿಲ್ಲ. ನೀ ಚಾ ತಂದ ಇಟ್ಟಾಗ ಕೆಲಸ ಐತಿ ಅಂತಿದ್ದೆ."

ಅವಳಿಗೆ ಗೊತ್ತಿರಲಿಲ್ಲ. ಬಾಗಿಲಿನ ಈಚೆ ಕೂತು, ಸದ್ದಾಗಬಾರದೆಂದು ಡಚ್ ಪಾಠವನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದವಳು ಅವಳು.

"ಈ ಸಲ ಬ್ಯಾರೆ ಊರು, ಬ್ಯಾರೆ ಆಫೀಸು," ಅಂದಳು. ತನ್ನ ಕಿವಿಗೇ ಅದು ಮಾತ್ರೆಯ ಚೀಟಿ ಓದಿದಂತೆ ಕೇಳಿಸಿತು.

"ಹೌದು." ಅವನು ಜೇಬಿನಿಂದ ಫೋನು ತೆಗೆದು, ಪತ್ರ ತೆರೆದು, ಅವಳ ಕೈಗೆ ಕೊಟ್ಟ. ಆಮೇಲೆ ಬಲಗೈಯನ್ನೂ ಕೊಟ್ಟ, ರಕ್ತ ತೆಗೆಯುವವರ ಮುಂದೆ ಚಾಚಿದ ಹಾಗೆ. ಮುಖ ಗೋಡೆಯ ಕಡೆಗಿತ್ತು. "ತೊಗೊ. ನೀನs ಒತ್ತು. ನಾ ನೋಡೂದಿಲ್ಲ."

ಸಹಿಯ ಜಾಗದಲ್ಲಿ ಬೆರಳ ಗುರುತು ಕೇಳುತ್ತಿತ್ತು. ಉಷಾ ಅವನ ಹೆಬ್ಬೆರಳನ್ನು ಹಿಡಿದು ಒತ್ತಿದಳು. ಫೋನು ನಡುಗಿತು, ಗುರುತು ಸಿಗಲಿಲ್ಲ ಅಂದಿತು. ಇನ್ನೊಮ್ಮೆ ಒತ್ತಿದಳು. ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದರೆ ಪೈನಿನ ಅಂಟು ಕಪ್ಪಗೆ ಒಣಗಿ, ಅದರ ಮೇಲೆ ಮರದ ಪುಡಿ ಕೂತು, ಅದರ ಮೇಲೆ ಮತ್ತೆ ಅಂಟು. ಚರ್ಮ ಎಲ್ಲಿ ಶುರುವೆಂದೇ ತಿಳಿಯುತ್ತಿರಲಿಲ್ಲ.

"ಆರಂಕಿದು ಪಿನ್ ನಂಬರು ಹಾಕಿದ್ರೂ ಆಗತೈತ್ರಿ."

"ನೆನಪಿಲ್ಲ."

ನಿಜವೋ ಸುಳ್ಳೋ, ಅವಳು ಮತ್ತೆ ಕೇಳಲಿಲ್ಲ. ಚೀಲದಿಂದ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ತೆಗೆದು, ಎರಡು ಹನಿ ಬಿಟ್ಟು, ಅವನ ಹೆಬ್ಬೆರಳನ್ನು ಮೆಲ್ಲಗೆ ಉಜ್ಜತೊಡಗಿದಳು. ಅಂಟು ಮೊದಲು ಮೆತ್ತಗಾಯಿತು, ಆಮೇಲೆ ನೂಲಿನಂತೆ ಎದ್ದು ಬಂತು. ಉಗುರಿನ ಬದಿಯ ಗಾಯವೊಂದನ್ನು ತಪ್ಪಿಸಿ ಉಜ್ಜಿದಳು. ಅವನ ಕೈ ಭಾರವಾಗುತ್ತ ಬಂದು ಅವಳ ತೊಡೆಯ ಮೇಲೆ ಕೂತಿತು. ಗೋಡೆಗೆ ಒರಗಿದ ತಲೆ ನಿದ್ದೆಗೆ ಒಂದು ಕಡೆ ವಾಲಿತು. ಹೊರಗೆ ರಸ್ತೆಯಲ್ಲಿ ಐದು ಗಂಟೆಯ ಬಸ್ಸು ನಿಂತು, ಯಾರೂ ಹತ್ತದ್ದನ್ನು ನೋಡಿ, ಹೋಯಿತು.

ಹೆಬ್ಬೆರಳ ಗೆರೆಗಳು ಒಂದೊಂದಾಗಿ ಕಂಡವು, ಸುತ್ತು ಸುತ್ತಾಗಿ, ತೊಳೆದಷ್ಟು ಸ್ವಚ್ಛ. ಫೋನು ಪಕ್ಕದಲ್ಲಿ ಬೆಳಗಿಕೊಂಡೇ ಇತ್ತು. ಉಷಾ ಅದರ ಕಡೆ ಕೈ ಚಾಚದೆ, ಇನ್ನೆರಡು ಹನಿ ಎಣ್ಣೆ ಬಿಟ್ಟುಕೊಂಡು, ಅವನಿಗೆ ಎಚ್ಚರವಾಗದ ಹಾಗೆ, ಉಜ್ಜುತ್ತಲೇ ಇದ್ದಳು.